ಗಣಿ ಯಂತ್ರಗಳನ್ನು ಸಮುದ್ರದಾಚೆಗೆ ಕಳುಹಿಸುವ ಮುನ್ನ ಎಷ್ಟರ ಮಟ್ಟಿಗೆ ಬಿಚ್ಚಬೇಕು?

ಪ್ರಶ್ನೆ: ಯಂತ್ರಶಾಲೆ

ಎಲ್ಲರಿಗೂ ನಮಸ್ಕಾರ. ನಾನು ತೆರೆದ ಗಣಿಯೊಂದರ ಯಂತ್ರ ನಿರ್ವಹಣಾ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಅದಿರು ಮುಗಿಯುತ್ತ ಬಂದಿರುವುದರಿಂದ ಇಲ್ಲಿನ ಕೆಲವು ಯಂತ್ರಗಳನ್ನು ಬೇರೊಂದು ಖಂಡದಲ್ಲಿರುವ ನಮ್ಮದೇ ಸಂಸ್ಥೆಯ ಇನ್ನೊಂದು ಗಣಿಗೆ ಸಾಗಿಸಲು ನಿರ್ಧಾರವಾಗಿದ್ದು, ಆ ಹೊಣೆ ನನ್ನ ಮೇಲೆ ಬಂದಿದೆ. ಯಂತ್ರವನ್ನು ಬಿಚ್ಚುವುದು, ಮತ್ತೆ ಜೋಡಿಸುವುದು ನನಗೆ ರೂಢಿಯಾದ ಕೆಲಸ. ಅದನ್ನು ಹಡಗಿಗೆ ಹತ್ತಿಸಿ ಸಮುದ್ರ ದಾಟಿಸುವ ಕೆಲಸ ಮಾತ್ರ ನನಗೆ ಪೂರ್ತಿ ಹೊಸದು.

ಸುಮಾರು 115 ಟನ್ ತೂಕದ ಒಂದು ಹೈಡ್ರಾಲಿಕ್ ಎಕ್ಸ್‌ಕವೇಟರ್, 100 ಟನ್ ಹೊರೆಯ ದರ್ಜೆಯ ಎರಡು ಡಂಪರ್‌ಗಳು (ಖಾಲಿ ತೂಕ ತಲಾ 70 ಟನ್ ಆಸುಪಾಸು), 45 ಟನ್ನಿನ ಒಂದು ಜಾ ಕ್ರಷರ್ (ದವಡೆಗಳ ನಡುವೆ ಅದಿರನ್ನು ಪುಡಿಮಾಡುವ ಯಂತ್ರ), ಅದರ ವಿದ್ಯುತ್ ಮೋಟಾರು, ಡಂಪರ್‌ಗಳ ಹೆಚ್ಚುವರಿ ಟೈರುಗಳು ಹಾಗೂ ಒಂದಷ್ಟು ಬಿಡಿಭಾಗಗಳು ಹೋಗಬೇಕಾಗಿವೆ. ಮೂವರು ಫಾರ್ವರ್ಡರ್‌ಗಳಿಂದ (ಸಾಗಣೆಯನ್ನು ಏರ್ಪಡಿಸಿಕೊಡುವವರಿಂದ) ದರ ಕೇಳಿದೆ. ಮೊದಲನೆಯವರು ಎಕ್ಸ್‌ಕವೇಟರನ್ನೂ ಡಂಪರ್‌ಗಳನ್ನೂ ಬಿಚ್ಚದೆ ರೋ-ರೋ ಹಡಗಿಗೆ ಓಡಿಸಿಕೊಂಡು ಹತ್ತಿಸಬಹುದು ಎಂದರು. ಎರಡನೆಯವರು ಎಲ್ಲವನ್ನೂ ಬಿಚ್ಚಿ, ಪಕ್ಕದ ಗೋಡೆ-ಚಾವಣಿ ಇಲ್ಲದ ಕಂಟೇನರ್‌ಗಳಾದ ಫ್ಲಾಟ್ ರ‍್ಯಾಕ್‌ಗಳ ಮೇಲೆ ಕಳುಹಿಸಿ ಎಂದರು. ಮೂರನೆಯವರು ಸರಕನ್ನು ಕಂಟೇನರಿಲ್ಲದೆ ಬಿಡಿಬಿಡಿಯಾಗಿ ಹೊರುವ, ಸ್ವಂತ ಕ್ರೇನಿರುವ ಬ್ರೇಕ್‌ಬಲ್ಕ್ ಹಡಗೇ ಆಗಬೇಕೆಂದು ಪಟ್ಟು ಹಿಡಿದಿದ್ದಾರೆ. ಮೂರು ದರಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ.

ಎಷ್ಟು ಬಿಚ್ಚಿದರೆ ಸರಿ, ಯಾವ ಹಡಗನ್ನು ಆರಿಸಬೇಕು, ದಾಖಲೆ ಮತ್ತು ವಿಮೆಯ ವಿಷಯದಲ್ಲಿ ಮೊದಲೇ ಎಚ್ಚರ ವಹಿಸಬೇಕಾದದ್ದು ಏನು ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕಾಗಿ ಕೋರುತ್ತೇನೆ.

ಉತ್ತರ: ಬಂದರುಕಟ್ಟೆ

ಭಾರಿ ಸರಕಿನ ಸಾಗಣೆಯಲ್ಲಿ ಹಲವು ವರ್ಷಗಳಿಂದ ಇರುವವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ದರಪಟ್ಟಿಗಳು ತಾಳೆಯಾಗದಿರುವುದಕ್ಕೆ ಕಾರಣ ಸರಳವಾಗಿದೆ. ಯಂತ್ರವನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸುತ್ತೀರಿ ಎಂದು ನೀವು ಹೇಳಿಲ್ಲ. ಹಾಗಾಗಿ ಒಬ್ಬೊಬ್ಬರೂ ತಮಗೆ ಅನುಕೂಲವಾದ ಸ್ಥಿತಿಯನ್ನು ಊಹಿಸಿಕೊಂಡು ಲೆಕ್ಕ ಹಾಕಿದ್ದಾರೆ. ಎಷ್ಟು ಬಿಚ್ಚಬೇಕೆಂಬುದನ್ನು ಮೊದಲು ನೀವೇ ತೀರ್ಮಾನಿಸಿ, ಪ್ರತಿ ತುಂಡಿನ ಉದ್ದ, ಅಗಲ, ಎತ್ತರ, ತೂಕ, ಗುರುತ್ವ ಕೇಂದ್ರ ಮತ್ತು ಎತ್ತುವ ಕೊಂಡಿಗಳ ಜಾಗ ತೋರಿಸುವ ನಕ್ಷೆಯೊಂದಿಗೆ ಮೂವರಿಗೂ ಒಂದೇ ಪಟ್ಟಿಯನ್ನು ಕೊಟ್ಟು ಮತ್ತೆ ದರ ಕೇಳಿ. ಆಗ ಹೋಲಿಸಲು ಸಾಧ್ಯವಾಗುತ್ತದೆ.

ಆ ತೀರ್ಮಾನವನ್ನು ನಿಮ್ಮ ಗಣಿಯಿಂದ ಆರಂಭಿಸಬೇಡಿ, ತಲುಪಬೇಕಾದ ಗಣಿಯಿಂದ ಹಿಂದಕ್ಕೆ ಬನ್ನಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇಲ್ಲಿ ನಿಮ್ಮದೇ ಕ್ರೇನು, ನಿಮ್ಮದೇ ಮೆಕ್ಯಾನಿಕ್‌ಗಳು, ಪರಿಚಯವಿರುವ ರಸ್ತೆ ಇವೆ. ಆ ಕಡೆ ಬಂದರಿನಿಂದ ಗಣಿಯವರೆಗಿನ ದಾರಿಯಲ್ಲಿ ಅತಿ ದುರ್ಬಲವಾದ ಸೇತುವೆ ಎಷ್ಟು ಭಾರ ತಾಳುತ್ತದೆ, ವಿದ್ಯುತ್ ತಂತಿಗಳು ಎಷ್ಟು ಎತ್ತರದಲ್ಲಿವೆ, ಉದ್ದನೆಯ ಟ್ರೇಲರ್ ಯಾವ ತಿರುವಿನಲ್ಲಿ ಸಿಕ್ಕಿಬೀಳುತ್ತದೆ, ಮಳೆಗಾಲದಲ್ಲಿ ಕೊನೆಯ ಮಣ್ಣುರಸ್ತೆಯ ಗತಿ ಏನು ಎಂಬುದನ್ನು ಒಬ್ಬರು ಖುದ್ದಾಗಿ ಓಡಾಡಿ, ಅಳೆದು ನೋಡಲೇಬೇಕು. ಆ ದಾರಿಯಲ್ಲಿ 50 ಟನ್ನಿಗಿಂತ ದೊಡ್ಡ ತುಂಡು ಹೋಗದು ಎಂದಾದರೆ ಹಡಗು 500 ಟನ್ ಹೊತ್ತರೂ ನಿಮಗೆ ಅದರಿಂದ ಪ್ರಯೋಜನವಿಲ್ಲ. ಬಿಚ್ಚದೆ ತಂದ ಡಂಪರನ್ನು ಆಗ ಬಂದರಿನ ಅಂಗಳದಲ್ಲೇ, ಬಾಡಿಗೆಯ ಕ್ರೇನಿನಲ್ಲಿ, ದಿನದಿನಕ್ಕೂ ನೆಲಬಾಡಿಗೆ ಕಟ್ಟುತ್ತ ಬಿಚ್ಚಬೇಕಾಗುತ್ತದೆ.

ಬಂದರಿನ ಕ್ರೇನುಗಳ ಬಗ್ಗೆ ಒಂದು ಮಾತು. ನಾನು ತೊಡಗಿದ್ದ ಒಂದು ಸಾಗಣೆಯಲ್ಲಿ ತಲುಪುವ ಬಂದರಿನಲ್ಲಿ 100 ಟನ್ ಸಾಮರ್ಥ್ಯದ ಮೊಬೈಲ್ ಕ್ರೇನ್ ಇದೆ ಎಂದು ಕಾಗದದಲ್ಲಿತ್ತು. ನಮ್ಮ ತುಂಡು 62 ಟನ್ ಇದ್ದುದರಿಂದ ಯಾರೂ ಹೆಚ್ಚು ಯೋಚಿಸಲಿಲ್ಲ. ಹಡಗು ಕಟ್ಟೆಗೆ ಬಂದಾಗ ತುಂಡು ಹಡಗಿನ ಆಚೆ ಬದಿಯಲ್ಲಿತ್ತು, ಅಷ್ಟು ದೂರಕ್ಕೆ ಕೈ ಚಾಚಿದಾಗ ಆ ಕ್ರೇನು ಎತ್ತಬಲ್ಲದ್ದು ಐವತ್ತಕ್ಕೂ ಕಡಿಮೆ. ಕ್ರೇನಿನ ಮೈಮೇಲೆ ಬರೆದಿರುವ ಸಂಖ್ಯೆ ಅದರ ಬುಡಕ್ಕೆ ಹತ್ತಿರದ ತ್ರಿಜ್ಯಕ್ಕೆ ಮಾತ್ರ ಸಲ್ಲುತ್ತದೆ. ಆದ್ದರಿಂದ ತ್ರಿಜ್ಯಕ್ಕೆ ತಕ್ಕಂತೆ ಸಾಮರ್ಥ್ಯ ತೋರಿಸುವ ಕೋಷ್ಟಕವನ್ನು ತರಿಸಿಕೊಂಡು, ಸರಕನ್ನು ಹಡಗಿನ ಯಾವ ಬದಿಯಲ್ಲಿ ಇಡಲಾಗುತ್ತದೆ ಎಂಬುದನ್ನು ಹತ್ತಿಸುವ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಹಡಗಿನ ಆಯ್ಕೆ. ರೋ-ರೋ ಹಡಗಿನ ದೊಡ್ಡ ಅನುಕೂಲವೆಂದರೆ ಕ್ರೇನಿನ ಗೊಡವೆಯಿಲ್ಲ. ಚಕ್ರವಿರುವುದು ತಾನಾಗಿಯೇ ಹತ್ತಿ ಇಳಿಯುತ್ತದೆ, ಚಕ್ರವಿಲ್ಲದ್ದನ್ನು ಮಾಫಿ ಎಂಬ ತಗ್ಗು ಟ್ರೇಲರಿನ ಮೇಲೆ ಎಳೆದು ಒಳಗೆ ತರುತ್ತಾರೆ, ಮತ್ತು ಸರಕು ಇಡೀ ಪ್ರಯಾಣದಲ್ಲಿ ಮಳೆ-ಉಪ್ಪುನೀರಿಗೆ ಸಿಗದೆ ಒಳಗೇ ಇರುತ್ತದೆ. ಕೆಲವು ದೊಡ್ಡ ರೋ-ರೋ ಹಡಗುಗಳ ಹಿಂಬದಿಯ ರ‍್ಯಾಂಪ್ 500 ಟನ್‌ವರೆಗೂ ಭಾರ ತಾಳುತ್ತದೆ. ಆದರೆ ರ‍್ಯಾಂಪಿನ ಬಾಗಿಲಿನ ಎತ್ತರ-ಅಗಲ, ಡೆಕ್ಕಿನ ಒಳ ಎತ್ತರ ಮತ್ತು ಆ ಹಡಗು ನಿಮಗೆ ಬೇಕಾದ ಬಂದರಿಗೆ ಹೋಗುತ್ತದೆಯೇ ಎಂಬ ಮೂರರಲ್ಲಿ ಒಂದು ತಪ್ಪಿದರೂ ಈ ದಾರಿ ಮುಚ್ಚಿದಂತೆಯೇ.

ದರವನ್ನು ಹೆಚ್ಚಾಗಿ ಒಂದು ಟನ್ ಅಥವಾ ಒಂದು ಘನಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಾಕುತ್ತಾರೆ. ನಿಮ್ಮ ಡಂಪರ್ 10 ಮೀಟರ್ ಉದ್ದ, 6 ಮೀಟರ್ ಅಗಲ, 5 ಮೀಟರ್ ಎತ್ತರ ಎಂದಿಟ್ಟುಕೊಂಡರೆ ಅದು 300 ಘನಮೀಟರ್ ಆಗುತ್ತದೆ. ತೂಕ 70 ಟನ್ನೇ ಇದ್ದರೂ ನೀವು ದುಡ್ಡು ಕಟ್ಟುವುದು 300ಕ್ಕೆ, ಅಂದರೆ ಬಹುಪಾಲು ಖಾಲಿ ಗಾಳಿಗೆ. ಮೇಲಿನ ತೊಟ್ಟಿಯನ್ನು ಕಳಚಿ ಬೇರೆಯಾಗಿ ಇಟ್ಟರೆ, ಟೈರು ಬಿಚ್ಚಿ ಚಾಸಿಯನ್ನು ತಗ್ಗಿಸಿದರೆ ಘನಮೀಟರ್ ಗಣನೀಯವಾಗಿ ಇಳಿಯುತ್ತದೆ. ಬಿಚ್ಚುವ, ಜೋಡಿಸುವ ಖರ್ಚನ್ನು ಈ ಉಳಿತಾಯದ ಜೊತೆ ತೂಗಿ ನೋಡಬೇಕು. ಗಣಿಯಲ್ಲಿ ಅತಿ ದೊಡ್ಡದಾದ, 363 ಟನ್ ಹೊರುವ ಕ್ಯಾಟರ್‌ಪಿಲ್ಲರ್ 797ಎಫ್‌ನಂಥ ಡಂಪರ್‌ಗಳ ವಿಷಯದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅವು ತುಂಡುಗಳಾಗಿಯೇ ಹೊರಟು, ತೊಟ್ಟಿಯ ಭಾಗಗಳು ಗಣಿಯಲ್ಲಿ ಬೆಸುಗೆಯಾಗಿ ಒಂದಾಗುತ್ತವೆ. ನಿಮ್ಮವು ಎರಡೂ ಬಗೆಯಲ್ಲಿ ಹೋಗಬಲ್ಲ ನಡುವಿನ ಗಾತ್ರದವಾದ್ದರಿಂದಲೇ ಲೆಕ್ಕ ಬೇಕಾಗಿದೆ.

40 ಅಡಿಯ ಫ್ಲಾಟ್ ರ‍್ಯಾಕ್ ಸುಮಾರು 40 ಟನ್ ಹೊರುತ್ತದೆ, ಆದರೆ ಆ ಸಂಖ್ಯೆ ಉದ್ದಕ್ಕೂ ಹಂಚಿದ ಭಾರಕ್ಕೆ ಸಂಬಂಧಿಸಿದ್ದು. ಮೂರು ಮೀಟರ್ ಪಾದದ ಕ್ರಷರನ್ನು ಅದರ ನಡುವೆ ಕೂರಿಸಿದರೆ ಅಡಿಯ ತೊಲೆಗಳು ಬಾಗುತ್ತವೆ; ಉದ್ದನೆಯ ಉಕ್ಕಿನ ತೊಲೆಗಳನ್ನು ಕೆಳಗೆ ಹಾಸಿ ಭಾರವನ್ನು ಹರಡಬೇಕು, ಆ ತೊಲೆಗಳ ತೂಕವನ್ನೂ ಸೇರಿಸಿ ಲೆಕ್ಕ ಮಾಡಬೇಕು. ಎಕ್ಸ್‌ಕವೇಟರಿನ ಟ್ರ್ಯಾಕ್ ಫ್ರೇಮ್, ಬೂಮ್, ಆರ್ಮ್, ಕೌಂಟರ್‌ವೇಟ್ ಇವಕ್ಕೆ ಫ್ಲಾಟ್ ರ‍್ಯಾಕ್ ಒಳ್ಳೆಯದು. ಬಿಡಿಭಾಗಗಳಿಗೆ ಮುಚ್ಚಿದ ಕಂಟೇನರ್ ಸಾಕು. 45 ಟನ್ನಿನ ಕ್ರಷರನ್ನು ಬಿಚ್ಚದೆ ಕಳುಹಿಸುವುದಾದರೆ ನಾನು ಬ್ರೇಕ್‌ಬಲ್ಕ್ ಹಡಗನ್ನು, ಇಲ್ಲವೇ ರೋ-ರೋದಲ್ಲಿ ಮಾಫಿಯನ್ನು ಆರಿಸುತ್ತೇನೆ.

ಉತ್ತರ: ಲಂಗರು

ಬಂದರುಕಟ್ಟೆಯವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಹಡಗಿನಲ್ಲಿ ಸರಕಿನ ಉಸ್ತುವಾರಿ ನೋಡಿಕೊಂಡವನಾಗಿ ತೂಕ ಮತ್ತು ಕಟ್ಟುವಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ದಯವಿಟ್ಟು ತೂಕವನ್ನು ಕೈಪಿಡಿಯಿಂದ ನಕಲು ಮಾಡಬೇಡಿ. ಹಲವು ವರ್ಷ ದುಡಿದ ಯಂತ್ರಕ್ಕೆ ಸವೆತ ತಡೆಯುವ ತಗಡುಗಳನ್ನು ಬೆಸೆದಿರುತ್ತಾರೆ, ಬಕೆಟ್ ಬದಲಾಗಿರುತ್ತದೆ, ಚಾಸಿಯ ಸಂದುಗಳಲ್ಲಿ ಗಟ್ಟಿಯಾದ ಕೆಸರೇ ಟನ್ನುಗಟ್ಟಲೆ ಇರುವುದುಂಟು. ಕಂಟೇನರ್ ಮತ್ತು ಫ್ಲಾಟ್ ರ‍್ಯಾಕ್‌ಗಳಿಗೆ 2016ರ ಜುಲೈ 1ರಿಂದ ಸಮುದ್ರಯಾನದ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ನಿಯಮದಂತೆ ತೂಗಿ ದೃಢಪಡಿಸಿದ ತೂಕವನ್ನು ಕೊಡುವುದು ಕಡ್ಡಾಯ. ಬಿಡಿ ಸರಕಿಗೆ ಆ ನಿಯಮ ನೇರವಾಗಿ ಅನ್ವಯವಾಗದಿದ್ದರೂ ಹಡಗಿನ ಸಮತೋಲನದ ಲೆಕ್ಕ ನಿಂತಿರುವುದು ನೀವು ಬರೆದುಕೊಟ್ಟ ತೂಕದ ಮೇಲೆಯೇ. 2015ರ ಜನವರಿ 3ರಂದು ಕಾರುಗಳನ್ನೂ ನಿರ್ಮಾಣ ಯಂತ್ರಗಳನ್ನೂ ಹೊತ್ತು ಸೌತಾಂಪ್ಟನ್ನಿನಿಂದ ಹೊರಟ ಹೋಗ್ ಒಸಾಕಾ ಎಂಬ ಹಡಗು ಬಂದರು ಬಿಟ್ಟ ಸ್ವಲ್ಪ ಹೊತ್ತಿಗೇ ತಿರುವಿನಲ್ಲಿ ವಾಲಿ ಮರಳುದಿಣ್ಣೆಯ ಮೇಲೆ ಕೂತಿತು. ಹೊರಡುವ ಮೊದಲು ಸಮತೋಲನವನ್ನು ಸರಿಯಾಗಿ ಲೆಕ್ಕ ಹಾಕಿರಲಿಲ್ಲ, ಸರಕಿನ ತೂಕಗಳಲ್ಲಿ ಹಲವು ನಿಜವಾದವಲ್ಲ, ಅಂದಾಜಿನವು ಎಂಬುದು ಬ್ರಿಟನ್ನಿನ ಅಧಿಕೃತ ತನಿಖೆಯಲ್ಲಿ ಹೊರಬಂತು.

ಕಟ್ಟುವ ಲೆಕ್ಕವನ್ನು ನಿಮ್ಮ ಕ್ರಷರಿನ ಮೇಲೆಯೇ ಮಾಡಿ ತೋರಿಸುತ್ತೇನೆ. ಒರಟು ಸಮುದ್ರದಲ್ಲಿ ಹಡಗು ಅಡ್ಡಡ್ಡ ಹೊರಳುವಾಗ ಸರಕಿನ ಮೇಲೆ ಬೀಳುವ ಬಲ ಅದರ ತೂಕದ 0.8 ಪಟ್ಟು ಆಗಬಹುದೆಂದು ಇಟ್ಟುಕೊಂಡರೆ 45 ಟನ್ನಿನ ಕ್ರಷರನ್ನು 36 ಟನ್ ಬಲ ಪಕ್ಕಕ್ಕೆ ತಳ್ಳುತ್ತದೆ. ಉಕ್ಕಿನ ಪಾದ ಉಕ್ಕಿನ ಡೆಕ್ಕಿನ ಮೇಲೆ ನೇರವಾಗಿ ಕೂತಿದ್ದರೆ ಘರ್ಷಣೆಯ ಗುಣಾಂಕ ಒಣಗಿದ್ದಾಗ 0.1, ಒದ್ದೆಯಾದಾಗ ಸೊನ್ನೆ ಎಂದೇ ಲೆಕ್ಕ. ನಡುವೆ ಮರ ಅಥವಾ ರಬ್ಬರ್ ಹಾಸಿದರೆ ಅದು 0.3ಕ್ಕೆ ಏರುತ್ತದೆ. ಅಂದರೆ ಒಂದು ಪದರ ಮರದ ಹಾಸಿನಿಂದಲೇ ಸುಮಾರು 13 ಟನ್ನಿನಷ್ಟು ಹಿಡಿತ ಸಿಗುತ್ತದೆ. ಉಳಿದದ್ದನ್ನು ಸರಪಳಿಗಳು ತಡೆಯಬೇಕು.

ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಸರಕು ಭದ್ರತಾ ಸಂಹಿತೆಯಲ್ಲಿ ಇದಕ್ಕೊಂದು ಸುಲಭ ಸೂತ್ರವಿದೆ: ಪ್ರತಿ ಬದಿಯ ಕಟ್ಟುಗಳ ಸುರಕ್ಷಿತ ಭಾರವನ್ನು ಕೂಡಿದರೆ ಅದು ಸರಕಿನ ತೂಕಕ್ಕೆ ಸಮವಾಗಿರಬೇಕು. ಸರಪಳಿಯ ಸುರಕ್ಷಿತ ಭಾರವೆಂದರೆ ಅದು ತುಂಡಾಗುವ ಭಾರದ ಅರ್ಧ. ಮತ್ತೆ ಮತ್ತೆ ಬಳಸುವ ಉಕ್ಕಿನ ಹಗ್ಗಕ್ಕೆ ಅದು ಶೇ. 30 ಮಾತ್ರ. 13 ಮಿ.ಮೀ. ದಪ್ಪದ ಗ್ರೇಡ್ 80 ಸರಪಳಿಗೆ ಸುಮಾರು 10 ಟನ್ ಎಂದು ಹಿಡಿದರೆ ನಿಮ್ಮ ಕ್ರಷರಿಗೆ ಒಂದೊಂದು ಬದಿಗೆ ಐದು ಸರಪಳಿಗಳು ಬೇಕು. ಸಮತಲಕ್ಕೆ 60 ಡಿಗ್ರಿಗಿಂತ ಕಡಿದಾಗಿ ಎಳೆದ ಸರಪಳಿಯನ್ನು ಈ ಸೂತ್ರದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದು ಸರಕನ್ನು ಕೆಳಕ್ಕೆ ಒತ್ತುತ್ತದೆಯೇ ಹೊರತು ಪಕ್ಕಕ್ಕೆ ಜಾರುವುದನ್ನು ಹೆಚ್ಚೇನೂ ತಡೆಯುವುದಿಲ್ಲ. ಐದು ಸರಪಳಿಗೆ ಐದು ಕೊಂಡಿಯೂ ಬೇಕಲ್ಲವೇ? ಹಳೆಯ ಯಂತ್ರಗಳಲ್ಲಿ ಕಟ್ಟಲು ಜಾಗವೇ ಇರುವುದಿಲ್ಲ, ಕೊನೆಯ ಗಳಿಗೆಯಲ್ಲಿ ಬಂದರಿನವರು ಏಣಿಗೋ ಕೈಕಂಬಿಗೋ ಸರಪಳಿ ಸುತ್ತುತ್ತಾರೆ. ನಿಮ್ಮ ಕಾರ್ಯಾಗಾರದಲ್ಲೇ ಎಂಜಿನಿಯರರ ಲೆಕ್ಕದಂತೆ ಕೊಂಡಿಗಳನ್ನು ಬೆಸೆಸಿ, ಬೆಸುಗೆಯನ್ನು ಪರೀಕ್ಷೆ ಮಾಡಿಸಿ, ಎತ್ತುವ ಕೊಂಡಿಗೆ ಒಂದು ಬಣ್ಣ, ಕಟ್ಟುವ ಕೊಂಡಿಗೆ ಇನ್ನೊಂದು ಬಣ್ಣ ಬಳಿದು ಕಳುಹಿಸಿ. ಮೋಟಾರಿನ ತಲೆಯ ಮೇಲಿರುವ ಕಣ್ಣುಬೋಲ್ಟು ಮೋಟಾರೊಂದನ್ನೇ ಎತ್ತಲು ಇರುವುದು. ಅಡಿಯ ಚೌಕಟ್ಟಿನ ಸಮೇತ ಎತ್ತಲು ಅದನ್ನು ಬಳಸಬಾರದು ಎಂದು ಅದರ ಪಕ್ಕದಲ್ಲೇ ಬರೆದಿಡಿ.

ಉತ್ತರ: ಸ್ಪ್ಯಾನರು

ನಾನು ತಲುಪಿದ ಕಡೆ ಜೋಡಿಸುವ ತಂಡದಲ್ಲಿ ಕೆಲಸ ಮಾಡಿದವನು. ಕಳುಹಿಸುವವರು ಗಮನಿಸದೆ ಬಿಟ್ಟದ್ದೆಲ್ಲ ಕೊನೆಗೆ ನಮ್ಮ ಕೈಗೆ ಬರುತ್ತದೆ.

ಒಮ್ಮೆ ಆರು ವಾರ ಪ್ರಯಾಣ ಮಾಡಿ ಬಂದ ದೊಡ್ಡ ಮೋಟಾರಿನ ಶಾಫ್ಟನ್ನು ಕೈಯಿಂದ ತಿರುಗಿಸಿದಾಗ ಬೆರಳಿಗೆ ಟಿಕ್ ಟಿಕ್ ಎಂದು ಸಣ್ಣ ತಡೆ ಸಿಕ್ಕಿತು. ಬೇರಿಂಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಹೊರಬಳೆಯ ಒಳಮೈಯ ಮೇಲೆ, ರೋಲರುಗಳ ನಡುವಿನ ಅಂತರಕ್ಕೆ ಸರಿಯಾಗಿ, ಉಗುರಿನಿಂದ ಗೀರಿದಂತೆ ಸಾಲಾಗಿ ಕಂದು ಗೆರೆಗಳಿದ್ದವು. ತಿರುಗದೆ ನಿಂತ ರೋಲರುಗಳು ಹಡಗಿನ ಎಂಜಿನ್ನಿನ ಅದುರಿಗೆ ಒಂದೇ ಜಾಗದಲ್ಲಿ ಉಜ್ಜುತ್ತ ಗ್ರೀಸಿನ ಪದರವನ್ನು ಪಕ್ಕಕ್ಕೆ ತಳ್ಳಿ ಲೋಹವನ್ನೇ ತಿನ್ನುತ್ತವೆ. ಇದನ್ನು ಫಾಲ್ಸ್ ಬ್ರಿನೆಲಿಂಗ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಮೋಟಾರಿನ ಬಣ್ಣಕ್ಕೂ ಧಕ್ಕೆಯಾಗಿರಲಿಲ್ಲ. ಶಾಫ್ಟ್ ಅಲುಗದಂತೆ ಅಕ್ಷದ ದಿಕ್ಕಿನಲ್ಲಿ ಬಿಗಿಯುವ ಸಾಗಣೆ ಪಟ್ಟಿಯನ್ನು ಹಾಕಿರಲಿಲ್ಲ ಎಂಬುದಷ್ಟೇ ಕಾರಣ. ನಿಮ್ಮ ಕ್ರಷರಿನ ಫ್ಲೈವೀಲನ್ನೂ ಮೋಟಾರಿನ ಶಾಫ್ಟನ್ನೂ ತಯಾರಕರ ಸೂಚನೆಯಂತೆ ಬಿಗಿದು ಕಳುಹಿಸಿ, ಬಿಗಿದಿರುವುದನ್ನು ಕೆಂಪು ಚೀಟಿಯಲ್ಲಿ ಬರೆದು ಅಂಟಿಸಿ. ಬಿಗಿದದ್ದನ್ನು ತಿಳಿಯದೆ ವಿದ್ಯುತ್ ಕೊಟ್ಟವರನ್ನೂ ನೋಡಿದ್ದೇನೆ.

ಹೈಡ್ರಾಲಿಕ್ ಕೊಳವೆಗಳ ಬಾಯಿಗೆ ಬಟ್ಟೆ ತುರುಕುವುದಾಗಲಿ ಪ್ಲಾಸ್ಟಿಕ್ ಕಟ್ಟುವುದಾಗಲಿ ಸಾಲದು. ಉಕ್ಕಿನ ಮುಚ್ಚಳವನ್ನೇ ಬಿಗಿಯಬೇಕು. ಸಿಲಿಂಡರುಗಳನ್ನು ಪೂರ್ತಿ ಒಳಕ್ಕೆ ಎಳೆದು, ಹೊರಗುಳಿಯುವ ಕ್ರೋಮ್ ದಂಡಕ್ಕೆ ಮೇಣದಂಥ ತುಕ್ಕುರಕ್ಷಕವನ್ನು ಬಳಿದು ಸುತ್ತಬೇಕು. ಉಪ್ಪುಗಾಳಿಗೆ ಸಿಕ್ಕು ಆ ದಂಡದಲ್ಲಿ ಮೂಡುವ ಸಣ್ಣ ಚುಕ್ಕೆ ಮೊದಲ ವಾರವೇ ಸೀಲನ್ನು ಹರಿಯುತ್ತದೆ. ಮುಚ್ಚಿದ ಕಂಟೇನರಿನಲ್ಲಿಯೂ ಹಗಲಿನ ಬಿಸಿ, ರಾತ್ರಿಯ ತಂಪಿಗೆ ಒಳಚಾವಣಿಯಲ್ಲಿ ನೀರು ಕಟ್ಟಿ ತೊಟ್ಟಿಕ್ಕುತ್ತದೆ, ಆದ್ದರಿಂದ ವಿದ್ಯುತ್ ಫಲಕಗಳನ್ನು ತೇವ ಹೀರುವ ಪೊಟ್ಟಣಗಳೊಂದಿಗೆ ಅಲ್ಯೂಮಿನಿಯಂ ಹಾಳೆಯ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ.

ಬೋಲ್ಟುಗಳನ್ನು ಒಂದೇ ಡ್ರಮ್ಮಿಗೆ ಸುರಿಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಪ್ರತಿ ಜೋಡಣೆಯ ಬೋಲ್ಟು, ಪಿನ್ನು, ಶಿಮ್ಮುಗಳಿಗೆ ಬೇರೆ ಚೀಲ, ಆ ಚೀಲಕ್ಕೆ ಲೋಹದ ಬಿಲ್ಲೆ, ಅದೇ ಸಂಖ್ಯೆ ಜೋಡಣೆಯ ಎರಡೂ ಬದಿಗಳ ಮೇಲೆ ಬಣ್ಣದಲ್ಲಿರಲಿ. ಬಿಚ್ಚುವಾಗ ಹಂತಹಂತವಾಗಿ ತೆಗೆದ ಫೋಟೋಗಳು ಕೈಪಿಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ತೊಳೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಳಸಿದ ಯಂತ್ರದಲ್ಲಿ ಉಳಿದ ಮಣ್ಣು, ಬೀಜ, ಒಣ ಎಲೆಗಳನ್ನು ಹಲವು ದೇಶಗಳು ರೋಗ-ಕೀಟ ತರುವ ವಸ್ತುವೆಂದೇ ನೋಡುತ್ತವೆ. ಟ್ರ್ಯಾಕ್ ಪಟ್ಟಿಗಳ ನಡುವೆ, ರೇಡಿಯೇಟರಿನ ಸಂದಿಗಳಲ್ಲಿ, ಹೊಟ್ಟೆಯ ತಗಡಿನ ಮೇಲೆ, ಚಾಸಿಯ ಟೊಳ್ಳುಗಳ ಒಳಗೆ ಪರಿವೀಕ್ಷಕರು ಕೈಹಾಕಿ ನೋಡುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗಾದರೆ ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರವರೆಗೆ ನಿರ್ದಿಷ್ಟ ದೇಶಗಳಿಂದ ಹೊರಡುವ ಯಂತ್ರಗಳಿಗೆ ಕಂದು ಬಣ್ಣದ ತಿಗಣೆಯೊಂದರ ಕಾರಣಕ್ಕೆ ಪ್ರತ್ಯೇಕ ಶಾಖ ಅಥವಾ ಹೊಗೆ ಉಪಚಾರವೂ ಬೇಕಾಗುತ್ತದೆ. ಅಡಿಗೆ ಹಾಕುವ ಮರಕ್ಕೂ ಮರದ ಪ್ಯಾಕಿಂಗ್‌ಗಿರುವ ಅಂತರರಾಷ್ಟ್ರೀಯ ಕೀಟ-ರೋಗ ತಡೆ ಮಾನದಂಡವಾದ ಐಎಸ್‌ಪಿಎಂ 15ರ ಮುದ್ರೆ ಇರಲೇಬೇಕು. ಶಾಖ ಉಪಚಾರವಾದರೆ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ 30 ನಿಮಿಷ ಮುಟ್ಟಿರಬೇಕು. ಗಣಿಯಲ್ಲಿ ಬಿದ್ದಿದ್ದ ಹಳೆಯ ಸ್ಲೀಪರ್‌ಗಳನ್ನು ಅಡಿಗೆ ಕೊಟ್ಟು ಯಂತ್ರವನ್ನೇ ಬಂದರಿನಲ್ಲಿ ನಿಲ್ಲಿಸಿಕೊಳ್ಳಬೇಡಿ.

ಉತ್ತರ: ಕಡತ

ದಾಖಲೆ ಮತ್ತು ವಿಮೆಯ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರಿಸುತ್ತೇನೆ.

ಯಂತ್ರವನ್ನು ಬಿಚ್ಚಿ ಕಳುಹಿಸುವಾಗ ಕಸ್ಟಮ್ಸ್ ವರ್ಗೀಕರಣದಲ್ಲಿ ಒಂದು ಸೂಕ್ಷ್ಮವಿದೆ. ಎಕ್ಸ್‌ಕವೇಟರ್ 8429 ಎಂಬ ಕಸ್ಟಮ್ಸ್ ಸಂಖ್ಯೆಯಲ್ಲಿ, ರಸ್ತೆಗಿಳಿಯದ ಡಂಪರ್ 8704.10ರಲ್ಲಿ, ಕ್ರಷರ್ 8474ರಲ್ಲಿ ಬರುತ್ತವೆ. ಸಾಗಣೆಗೆಂದು ಬಿಚ್ಚಿದ ಯಂತ್ರ ಒಟ್ಟಿಗೆ ಬಂದರೆ ಅದನ್ನು ಪೂರ್ಣ ಯಂತ್ರವೆಂದೇ ಪರಿಗಣಿಸಬೇಕೆಂದು ವರ್ಗೀಕರಣದ ನಿಯಮ 2(ಎ) ಹೇಳುತ್ತದೆ. ಆದರೆ ಬೂಮ್ ಒಂದು ಹಡಗಿನಲ್ಲಿ, ಮುಖ್ಯ ದೇಹ ಮುಂದಿನ ತಿಂಗಳ ಹಡಗಿನಲ್ಲಿ ಬಂದರೆ ಮೊದಲು ಬಂದದ್ದನ್ನು ಬಿಡಿಭಾಗವೆಂದು ಎಣಿಸಿ ಬೇರೆ ಸುಂಕ ಹಾಕುವ ಸಂದರ್ಭ ಎದುರಾಗಬಹುದು. ಹಲವು ಹಡಗುಗಳಲ್ಲಿ ಹಂಚಿ ಕಳುಹಿಸುವುದು ಅನಿವಾರ್ಯವಾದರೆ ಆಮದು ಮಾಡುವ ದೇಶದ ಕಸ್ಟಮ್ಸ್‌ನಿಂದ ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯಿರಿ. ಬಳಸಿದ ಯಂತ್ರಗಳಿಗೆ ಹಲವೆಡೆ ತಪಾಸಣಾ ಪ್ರಮಾಣಪತ್ರ ಮತ್ತು ವಯಸ್ಸಿನ ಮಿತಿ ಇರುವುದರಿಂದ, ಯಂತ್ರದ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ದಾಖಲೆಯೊಂದಿಗೆ ಅಕ್ಷರಶಃ ಹೊಂದುತ್ತವೆಯೇ ಎಂದು ನೀವೇ ನಿಂತು ಓದಿ ನೋಡಿ. ನಡುವೆ ಎಂಜಿನ್ ಬದಲಾಯಿಸಿದ ಯಂತ್ರಗಳಲ್ಲಿ ಇದು ತಪ್ಪದೆ ತಪ್ಪಿರುತ್ತದೆ.

ಅಪಾಯಕಾರಿ ಸರಕಿನ ಘೋಷಣೆಯನ್ನೂ ಮರೆಯುವಂತಿಲ್ಲ. ಆಮ್ಲ ತುಂಬಿದ ಬ್ಯಾಟರಿ ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 2794, ಸಾರಜನಕ ತುಂಬಿದ ಹೈಡ್ರಾಲಿಕ್ ಅಕ್ಯುಮುಲೇಟರ್ ಯುಎನ್ 3164. ಡಂಪರಿನ ಸಸ್ಪೆನ್ಷನ್ ಸಿಲಿಂಡರುಗಳಲ್ಲೂ ಒತ್ತಡದ ಸಾರಜನಕ ಇರುತ್ತದೆ. ಉಳಿದ ಇಂಧನ, ಬೆಂಕಿ ನಂದಿಸುವ ವ್ಯವಸ್ಥೆಯ ಸಿಲಿಂಡರುಗಳು, ಸಂಸ್ಕರಣಾ ಘಟಕದಿಂದ ಏನಾದರೂ ಸೇರಿಸಿದ್ದರೆ ಸಾಂದ್ರತೆ ಅಳೆಯುವ ಮಾಪಕದಲ್ಲಿರುವ ಸೀಸಿಯಂ-137ರಂಥ ವಿಕಿರಣ ಮೂಲ, ಇವೆಲ್ಲವನ್ನೂ ಪಟ್ಟಿ ಮಾಡಿ. ಕೊನೆಯದನ್ನು ಪರವಾನಗಿ ಇರುವವರು ಮಾತ್ರ ಮುಟ್ಟಬೇಕು.

ವಿಮೆಯ ವಿಷಯದಲ್ಲಿ ಹಡಗಿನವರ ಹೊಣೆಯನ್ನೇ ನಂಬಿ ಕೂರಬೇಡಿ. ಸಮುದ್ರ ಸಾಗಣೆಯ ಹೊಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಹೇಗ್-ವಿಸ್ಬಿ ನಿಯಮಗಳಡಿ ಅವರ ಹೊಣೆ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ) ಅಥವಾ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅಷ್ಟಕ್ಕೆ ಸೀಮಿತ. ನಿಮ್ಮ ಕ್ರಷರಿಗೆ ಅದು 90,000 ಎಸ್‌ಡಿಆರ್ ಆಗುತ್ತದೆ. ಆದರೆ ಒಂದು ವಿದ್ಯುತ್ ನಿಯಂತ್ರಣ ಫಲಕ 300 ಕಿಲೋ ತೂಗಿದರೆ ಸಿಗುವುದು ಬರೀ 666.67. ಡೆಕ್ಕಿನ ಮೇಲೆ ಇಟ್ಟ ಸರಕಿಗೆ, ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗಿನವರು ಕೊಡುವ ಸರಕಿನ ರಸೀದಿಯಲ್ಲಿ) ಹಾಗೆಂದು ನಮೂದಾಗಿದ್ದರೆ, ಈ ರಕ್ಷಣೆಯೂ ಸಾಮಾನ್ಯವಾಗಿ ಇರುವುದಿಲ್ಲ. ಸರಕು ವಿಮೆಯ ಮಾದರಿ ಷರತ್ತುಗಳಾದ ಇನ್ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್‌ನ 'ಸಿ' ಷರತ್ತಿನಲ್ಲಿ ಅಲೆ ಹೊಡೆದು ಸಮುದ್ರಕ್ಕೆ ಬಿದ್ದ ಸರಕಿಗಾಗಲಿ ಕ್ರೇನಿನಿಂದ ಜಾರಿ ಬಿದ್ದ ಸರಕಿಗಾಗಲಿ ಪರಿಹಾರವಿಲ್ಲ. ಇನ್‌ಕೋಟರ್ಮ್ಸ್ 2020 ಎಂಬ ಅಂತರರಾಷ್ಟ್ರೀಯ ವ್ಯಾಪಾರ ಷರತ್ತುಗಳ ಸಿಐಎಫ್ (ಬೆಲೆ, ವಿಮೆ, ಸಾಗಣೆ ಸೇರಿದ ಮಾರಾಟ) ಪ್ರಕಾರ ಮಾರಾಟಗಾರ ಕೊಡಬೇಕಾದ ಕನಿಷ್ಠ ವಿಮೆ ಈ 'ಸಿ' ದರ್ಜೆಯದೇ. ಭಾರಿ ಯಂತ್ರಕ್ಕೆ 'ಎ' ದರ್ಜೆಯನ್ನೇ ಕೇಳಿ ಪಡೆಯಿರಿ, ಡೆಕ್ಕಿನ ಮೇಲೆ ಹೋಗುವ ತುಂಡುಗಳನ್ನು ವಿಮೆಗಾರರಿಗೆ ಮೊದಲೇ ತಿಳಿಸಿ. 'ಎ' ದರ್ಜೆಯಲ್ಲೂ ಪ್ಯಾಕಿಂಗ್ ಸಾಲದೆ ಆದ ಹಾನಿಗೆ ಪರಿಹಾರ ಸಿಗುವುದಿಲ್ಲ. ಆದ್ದರಿಂದಲೇ ಸ್ವತಂತ್ರ ಸರ್ವೇಯರ್ ಒಬ್ಬರು ಪ್ಯಾಕಿಂಗನ್ನೂ ಕಟ್ಟುವಿಕೆಯನ್ನೂ ನೋಡಿ ವರದಿ ಬರೆದಿರುವುದು ಬಹಳ ಮುಖ್ಯ. ತಲುಪಿದಾಗ ಹೊರಗೆ ಕಾಣದ ಹಾನಿಯನ್ನು ಮೂರು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು, ದಾವೆಗೆ ಒಂದು ವರ್ಷದ ಗಡುವು. ಸ್ಪ್ಯಾನರು ಅವರು ಹೇಳಿದ ಬೇರಿಂಗಿನಂಥ ಹಾನಿ ಜೋಡಿಸುವವರೆಗೂ ಕಾಣದಾದ್ದರಿಂದ, ಆಘಾತ ದಾಖಲಿಸುವ ಉಪಕರಣವನ್ನು ಮುಖ್ಯ ತುಂಡುಗಳಿಗೆ ಅಂಟಿಸಿ, ಇಳಿಸಿದ ದಿನವೇ ಅದರ ದಾಖಲೆಯನ್ನು ಓದಿಟ್ಟುಕೊಳ್ಳಿ.

ಯಂತ್ರಶಾಲೆ

ನಾಲ್ವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಮೂವರು ಫಾರ್ವರ್ಡರ್‌ಗಳಿಂದಲೂ ದರ ಕೇಳುವುದನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಆ ಕಡೆಯ ಗಣಿಯವರನ್ನು ವಿಚಾರಿಸಿದೆ. ಬಂದರಿನಿಂದ ಬರುವ ದಾರಿಯಲ್ಲಿ ಒಂದು ಹಳೆಯ ಸೇತುವೆಯಿದ್ದು, ಟ್ರೇಲರಿನ ತೂಕವನ್ನು ಕಳೆದರೆ ಸುಮಾರು 48 ಟನ್ನಿನ ತುಂಡಿಗೆ ಮಾತ್ರ ಅನುಮತಿ ಸಿಗುತ್ತದೆಯಂತೆ. ಅಲ್ಲಿಗೆ ಡಂಪರ್‌ಗಳನ್ನು ಬಿಚ್ಚದೆ ಕಳುಹಿಸುವ ಮಾತು ಮುಗಿಯಿತು. ಕ್ರಷರ್ ಮಾತ್ರ ಬಿಚ್ಚದೆಯೇ ದಾಟುವ ಸಾಧ್ಯತೆಯಿದೆ, ಆದರೆ ಅಂತರ ಮೂರೇ ಟನ್.

ಎರಡು ಸಂದೇಹ ಉಳಿದಿವೆ. ನಮ್ಮ ಟೈರುಗಳು 27.00 ಆರ್ 49 ಅಳತೆಯವು; ಅವು ಮುಚ್ಚಿದ ಕಂಟೇನರಿಗೆ ಹೋಗುತ್ತವೆಯೇ? ಕ್ರಷರಿಗೆ ಹಳೆಯ ನಕ್ಷೆ ಸಿಕ್ಕಿಲ್ಲ. ನಮ್ಮಲ್ಲಿರುವ ಸಾಧನಗಳಿಂದ ಅದರ ತೂಕ ಮತ್ತು ಗುರುತ್ವ ಕೇಂದ್ರವನ್ನು ಕಂಡುಹಿಡಿಯುವುದು ಹೇಗೆ?

ಉತ್ತರ: ಲಂಗರು

ಟೈರಿನ ವ್ಯಾಸ ಸುಮಾರು 2.7 ಮೀಟರ್. ಕಂಟೇನರ್ ಬಾಗಿಲಿನ ಅಗಲ ಸುಮಾರು 2.34 ಮೀಟರ್, ಎತ್ತರದ ಹೈ ಕ್ಯೂಬ್ ಬಗೆಯಲ್ಲೂ ಬಾಗಿಲಿನ ಎತ್ತರ ಸುಮಾರು 2.58 ಮೀಟರ್. ಮಲಗಿಸಿದರೂ ನಿಲ್ಲಿಸಿದರೂ ಹೋಗದು. ಚಾವಣಿ ತೆರೆದಿರುವ ಓಪನ್ ಟಾಪ್ ಕಂಟೇನರಿನಲ್ಲಿ ನಿಲ್ಲಿಸಿ ಮೇಲೆ ಸ್ವಲ್ಪ ಚಾಚಲು ಬಿಡಿ, ಇಲ್ಲವೇ ಫ್ಲಾಟ್ ರ‍್ಯಾಕ್ ಬಳಸಿ.

ಗುರುತ್ವ ಕೇಂದ್ರಕ್ಕೆ ನಾಲ್ಕು ಹೈಡ್ರಾಲಿಕ್ ಜಾಕ್‌ಗಳು ಮತ್ತು ನಾಲ್ಕು ಲೋಡ್ ಸೆಲ್‌ಗಳು (ಮೇಲೆ ಬಿದ್ದ ಭಾರವನ್ನು ಅಳೆಯುವ ಸಾಧನಗಳು) ಸಾಕು. ಕ್ರಷರಿನ ಪಾದದ ನಾಲ್ಕು ಮೂಲೆಗಳಲ್ಲಿ ಅವನ್ನಿಟ್ಟು, ನೆಲದಿಂದ ಒಂದೆರಡು ಸೆಂಟಿಮೀಟರ್ ಮಾತ್ರ, ಮಟ್ಟ ತಪ್ಪದಂತೆ ಎತ್ತಿ ನಾಲ್ಕೂ ಓದುಗಳನ್ನು ಬರೆದುಕೊಳ್ಳಿ. ಮುಂದಿನ ಎರಡರ ಮೊತ್ತ 27 ಟನ್, ಹಿಂದಿನ ಎರಡರ ಮೊತ್ತ 18 ಟನ್, ಮುಂದಿನ-ಹಿಂದಿನ ಜಾಕ್‌ಗಳ ನಡುವಿನ ದೂರ 3 ಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು ತೂಕ 45 ಟನ್. 18ನ್ನು 45ರಿಂದ ಭಾಗಿಸಿ 3ರಿಂದ ಗುಣಿಸಿದರೆ 1.2, ಗುರುತ್ವ ಕೇಂದ್ರ ಮುಂದಿನ ಜಾಕ್‌ಗಳಿಂದ 1.2 ಮೀಟರ್ ಹಿಂದಿದೆ ಎಂದರ್ಥ. ಅಡ್ಡಕ್ಕೂ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಎತ್ತರದ ಗುರುತ್ವ ಕೇಂದ್ರ ಇದರಿಂದ ಸಿಗುವುದಿಲ್ಲ, ಅದಕ್ಕೆ ತಯಾರಕರನ್ನೇ ಕೇಳಬೇಕು.

ಈ ತೂಗುವಿಕೆಯನ್ನು ಒಳಗಿನ ದವಡೆಗಳ ಸವೆತ ತಗಡುಗಳನ್ನು ತೆಗೆದ ಮೇಲೆ ಮಾಡಿ. ಅವು ಬೋಲ್ಟಿನಲ್ಲಿ ನಿಂತಿರುವ ಭಾಗಗಳಾದ್ದರಿಂದ ಬೇರೆ ಪೆಟ್ಟಿಗೆಯಲ್ಲಿ ಹೋಗಬಹುದು, ಸೇತುವೆಯ ಮಿತಿಗೂ ನಿಮಗೂ ನಡುವಿನ ಅಂತರ ಮೂರು ಟನ್ನಿಗಿಂತ ಹೆಚ್ಚುತ್ತದೆ. ಸಿಕ್ಕ ಬಿಂದುವನ್ನು ನಾಲ್ಕೂ ಪಕ್ಕಗಳಲ್ಲಿ ಪ್ಯಾಕಿಂಗ್ ಚಿಹ್ನೆಗಳ ಮಾನದಂಡವಾದ ಐಎಸ್‌ಒ 780ರ ಗುರುತ್ವ ಕೇಂದ್ರದ ಚಿಹ್ನೆಯಿಂದ, ಅಂಗೈಯಗಲಕ್ಕೆ ಕಡಿಮೆಯಿಲ್ಲದಂತೆ, ಬಿಳಿಯ ಹಿನ್ನೆಲೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆಸಿ. ರಾತ್ರಿ ಪಾಳಿಯಲ್ಲಿ ಕೊಕ್ಕೆ ಹಾಕುವವನಿಗೆ ದೀಪದ ಬೆಳಕಿನಲ್ಲಿ ಅದು ಕಾಣಬೇಕು.